ಸದ್ದಿಲ್ಲದ ಗಾಡಿ

ನರ್ಸಮ್ಮನಿಗೆ ಗಾಳಿ ಮೆಟ್ಟಿಕೊಂಡಿದೆ ಎಂದು ಬೀದಿಯವರು ನಗುತ್ತಿದ್ದರು. ದೆವ್ವದ ಗಾಳಿಯಲ್ಲ, ಉಸಿರಾಡುವ ಗಾಳಿ. ಮಕ್ಕಳ ವಾರ್ಡಿನಲ್ಲಿ ಉಸಿರಿಗೆ ತಿಣುಕುವ ಕೂಸುಗಳ ಮುಖಕ್ಕೆ ಮಾಸ್ಕ್ ಹಿಡಿದು ದಿನ ಕಳೆಯುವವಳಿಗೆ ಮನೆಗೆ ಬಂದರೂ ಅದೇ ಮಾತು. ಯಾರ ಗಾಡಿ ಹೊಗೆ ಉಗುಳಿದರೂ ಹುಬ್ಬು ಗಂಟಿಕ್ಕುತ್ತಿದ್ದಳು. ಬೀದಿಗೆ ಮೊದಲ ಬ್ಯಾಟರಿ ಸ್ಕೂಟರ್ ತಂದವಳೂ ಅವಳೇ.

ಅವಳ ಅಪ್ಪ ಬಸ್ ಡ್ರೈವರ್ ಆಗಿದ್ದವರು. ಕಾಯಿಲೆ ಬಂದು ಎರಡೂ ಕಣ್ಣು ಹೋದ ಮೇಲೆ ಅವರಿಗೆ ಕಿವಿಯೇ ಕಣ್ಣಾಗಿತ್ತು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, "ಇದು ಟೈಲರಂದು, ಸೈಲೆನ್ಸರ್ ಸಡಿಲ ಆಗಿದೆ. ಇದು ಹಾಲಿನವನದು, ಸುಮ್ನೆ ಕ್ಲಚ್ ಸವೆಸ್ತಾನೆ," ಎಂದು ಬೀದಿಗೆಲ್ಲ ಷರಾ ಬರೆಯುತ್ತಿದ್ದರು. ಬೆಳಿಗ್ಗೆ ಕೋಲು ಹಿಡಿದು ಬೀದಿ ದಾಟಿ, ಎದುರಿನ ಬೇಕರಿಯಿಂದ ಬ್ರೆಡ್ ತರುವುದು ಅವರ ಕೆಲಸ. ಯಾರಾದರೂ ಕೈ ಹಿಡಿಯಲು ಬಂದರೆ ಸಿಟ್ಟು. "ಊರಿಗೆ ಊರನ್ನೇ ದಾಟಿಸಿದೋನು ನಾನು. ಒಂದು ಬೀದಿ ದಾಟೋಕೆ ಆಳು ಬೇಕಾ?"

ಹೊಸ ಸ್ಕೂಟರ್ ಬಂದ ದಿನ ಅದರ ಮೈಯೆಲ್ಲ ಸವರಿ ನೋಡಿ, "ಸ್ಟಾರ್ಟ್ ಮಾಡು," ಎಂದರು.

"ಆಗಿದೆ ಅಪ್ಪ."

ಅಪ್ಪ ಬಗ್ಗಿ ಕಿವಿಗೊಟ್ಟರು. "ಇದಕ್ಕೆ ಬಾಯೇ ಇಲ್ವಲ್ಲೇ."

"ಹೊಗೇನೂ ಇಲ್ಲ."

"ಅದು ಸರಿ. ನೀನು ಬಂದಿದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

"ನಾನೇ ಕೂಗ್ತೀನಿ ಬಿಡಿ," ಎಂದು ಅವಳು ನಕ್ಕಳು.

ಮೊದಮೊದಲು ಅವಳ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಬೇಕರಿಯವರಂತೂ, "ಭೂಮಿ ಉಳಿಸೋಕೆ ನಾನ್ಯಾರು ಮಗಳೇ? ನನ್ನ ಬನ್ನು ಸೀಯದೆ ಉಳಿದ್ರೆ ಸಾಕು," ಎನ್ನುತ್ತಿದ್ದರು. ಒಂದು ದಿನ ಅವರು ಆಸ್ಪತ್ರೆಗೆ ಬ್ರೆಡ್ ಕೊಡಲು ಬಂದಾಗ ಅವಳು ಅವರನ್ನು ವಾರ್ಡಿನೊಳಕ್ಕೆ ಕರೆದೊಯ್ದಳು. ಒಂದೊಂದು ಉಸಿರಿಗೂ ಮಕ್ಕಳ ಪಕ್ಕೆಲುಬು ಒಳಕ್ಕೆ ಸೆಳೆದುಕೊಳ್ಳುವುದನ್ನು ನೋಡುತ್ತ ಅವರು ಮಂಚಗಳ ನಡುವೆ ನಿಂತೇ ಇದ್ದರು. ಸ್ವಲ್ಪ ದಿನಕ್ಕೆ, ಬ್ರೆಡ್ ಹಂಚಲು ಬ್ಯಾಟರಿ ಗಾಡಿ ತಂದರು.

ಆಮೇಲೆ ತಡವಾಗಲಿಲ್ಲ. ಬೇಕರಿಯವರಂಥವರೇ ಕೊಂಡರಲ್ಲ ಎಂದು ಟೈಲರ್ ಕೊಂಡ, ಟೈಲರೇ ಕೊಂಡನಲ್ಲ ಎಂದು ಅವನ ಆಚೀಚೆ ಮನೆಯವರು ಕೊಂಡರು. ಗಾಳಿಯ ಮೇಲಿನ ಪ್ರೀತಿಗೆ ಕೊಂಡವರೆಷ್ಟೋ, ಪಕ್ಕದವರ ಮೇಲಿನ ಪೈಪೋಟಿಗೆ ಕೊಂಡವರೆಷ್ಟೋ. ಅವಳಿಗಂತೂ ಹಿಗ್ಗು. ಅಪ್ಪ ಮಾತ್ರ ಬಾಗಿಲ ಬಳಿ ಕೂರುವುದನ್ನು ಕಡಿಮೆ ಮಾಡಿದರು. ಯಾಕೆ ಎಂದು ಕೇಳಿದರೆ, "ಎಲ್ಲಾರೂ ಕಳ್ಳರ ಥರ ಓಡಾಡ್ತಾರಲ್ಲೇ," ಎಂದರು. ಅವಳು ಅದನ್ನು ತಮಾಷೆ ಎಂದುಕೊಂಡಳು.

ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ರಸ್ತೆಯಂಚಿನಲ್ಲಿ ನಿಂತು ಆಲಿಸಿದರು. ಏನೂ ಕೇಳಿಸಲಿಲ್ಲ. ಕಾಲಿಟ್ಟರು. ಬೇಕರಿಯವರ ಗಾಡಿ ಬ್ರೆಡ್ಡಿನ ಟ್ರೇ ಹೊತ್ತು ಅದೇ ಹೊತ್ತಿಗೆ ಬರುತ್ತಿತ್ತು. ಜೋರಾಗಿ ಓಡಿಸುವ ಮನುಷ್ಯರಲ್ಲ ಅವರು. ಗಾಡಿ ತಗುಲಿದ್ದು ಮೆಲ್ಲಗೆ, ಆದರೆ ಬಿದ್ದಾಗ ತಲೆ ಕಲ್ಲಿನಂಚಿಗೆ ಬಡಿಯಿತು. ಬೇಕರಿಯವರೇ ಆಟೋದಲ್ಲಿ ಅವರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಗಳ ಆಸ್ಪತ್ರೆಗೇ ತಂದರು. ಅಂಗಿಯ ತುಂಬ ಮೈದಾ ಹಿಟ್ಟು, ಅದರ ಮೇಲೆ ರಕ್ತ. ಅಪ್ಪನಿಗೆ ಮತ್ತೆ ಎಚ್ಚರವಾಗಲೇ ಇಲ್ಲ. ಸಂಜೆಗೆ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಬೇಕರಿಯವರು ಅವಳ ಅಮ್ಮನ ಎದುರು ನೆಲದ ಮೇಲೆ ಕುಸಿದು ಕುಳಿತರು. "ಅಕ್ಕ, ನಾನು ಅವ್ರನ್ನ ನೋಡಿದ್ದೆ. ನಿಂತಿದ್ರು. ಗಾಡಿ ಬರೋದು ತಿಳಿದೇ ನಿಂತಿದಾರೆ ಅಂದ್ಕೊಂಡೆ."

"ನಿಮ್ಮ ತಪ್ಪೇನೂ ಇಲ್ಲಪ್ಪ," ಎಂದರು ಅಮ್ಮ. ಅದೇ ಮಾತನ್ನು ಮಗಳಿಗೂ ಹೇಳಬಹುದಿತ್ತು. ಹೇಳಲಿಲ್ಲ.

ಬೇಕರಿಯವರು ಗಾಡಿ ಮಾರಿ ಹಳೆಯದೊಂದು ಪೆಟ್ರೋಲ್ ಗಾಡಿ ತಂದರು. ಅವಳು ಎದುರಾದಾಗ, "ನೀನು ಹೇಳಿದ್ದು ಸುಳ್ಳಲ್ಲ ಮಗಳೇ. ಆದ್ರೆ ಅದರ ಮೇಲೆ ಕೂತ್ರೆ ಅವರ ಕೋಲು ಬಿದ್ದ ಸದ್ದೊಂದೇ ಕೇಳ್ಸುತ್ತೆ," ಎಂದು ತಲೆ ತಗ್ಗಿಸಿದರು. ಉಳಿದವರೂ ಒಬ್ಬರನ್ನೊಬ್ಬರು ನೋಡಿ ಕೊಂಡಂತೆಯೇ ಒಬ್ಬರನ್ನೊಬ್ಬರು ನೋಡಿ ಮಾರಿದರು. ಅದು ಮನೆಗೆ ಆಗಿಬರದ ಗಾಡಿ ಎಂಬ ಮಾತು ಹಬ್ಬಿತು. ಬೀದಿಯಲ್ಲಿ ಮತ್ತೆ ಸದ್ದು, ಮತ್ತೆ ಹೊಗೆ. ಅವಳು ಯಾರಿಗೂ ಏನೂ ಹೇಳಲಿಲ್ಲ. ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರುತ್ತಿರಲಿಲ್ಲ. ಅದನ್ನೂ ಯಾರಿಗೂ ಹೇಳಲಿಲ್ಲ.

ಸ್ಕೂಟರನ್ನು ಮಾರಲು ಅವಳಿಗೆ ಮನಸ್ಸು ಬರಲಿಲ್ಲ. ಆದರೆ ಅಪ್ಪ ಬಿದ್ದ ಜಾಗದ ಮೇಲೆ ಅದನ್ನು ಓಡಿಸಿಕೊಂಡು ಹೋಗಲು ಧೈರ್ಯವೂ ಬರಲಿಲ್ಲ. ಬೀದಿಯ ತಿರುವಿನಲ್ಲೇ ಇಳಿದು, ಏರಿನಲ್ಲಿ ಏದುಸಿರು ಬಿಡುತ್ತ ಮನೆಯವರೆಗೂ ತಳ್ಳಿಕೊಂಡು ಬರುತ್ತಿದ್ದಳು. ಬ್ಯಾಟರಿ ಕೈಕೊಟ್ಟಿದೆಯೆಂದು ಜನ ತಿಳಿದರು. ಅವಳು ಹೌದೆನ್ನುತ್ತಿದ್ದಳು.

ಅಮ್ಮ ಇದನ್ನು ಕಿಟಕಿಯಿಂದ ನೋಡುತ್ತಲೇ ಇದ್ದರು. ಒಂದು ಸಂಜೆ ಚಪ್ಪಲಿ ಮೆಟ್ಟಿ ತಿರುವಿನವರೆಗೂ ಇಳಿದು ಬಂದರು.

"ಕೂತ್ಕೊಂಡೇ ಬಾರೇ," ಎಂದರು. "ಈಗ ಯಾರಿಗೆ ಕೇಳಿಸ್ಬೇಕು?"

ಅವಳು ಹ್ಯಾಂಡಲ್ ಹಿಡಿದು ನಿಂತೇ ಇದ್ದಳು. ಹತ್ತಲು ಕಾಲು ಏಳಲಿಲ್ಲ. ಅಮ್ಮ ಮತ್ತೆ ಬಲವಂತ ಮಾಡಲಿಲ್ಲ. ಹಿಂದಕ್ಕೆ ಹೋಗಿ ಸೀಟಿಗೆ ಎರಡೂ ಕೈ ಕೊಟ್ಟರು. ಇಬ್ಬರೂ ಅದನ್ನು ತಳ್ಳಿಕೊಂಡು ಮನೆಯ ಕಡೆ ನಡೆದರು.