ಸ್ಟಾಂಪರ್ ಜಡ್ಜ್ ಎತ್ತಿಕೊಟ್ಟ ಸಾಲು

ಅಮೆರಿಕದ ಕೆಂಟಕಿಯ ಕಲ್ಲಿದ್ದಲ ಬೆಟ್ಟಗಳಲ್ಲಿ ಆಗ ಜಡ್ಜ್ ಅಂದರೆ ಚುನಾವಣೆಯಲ್ಲಿ ಗೆದ್ದು ಬಂದವನು. ರಸ್ತೆಗೆ ಜಲ್ಲಿ ಹಾಕಿಸುವವನೂ ಅವನೇ, ಜನರನ್ನು ಜೈಲಿಗೆ ಹಾಕಿಸುವವನೂ ಅವನೇ. ವರ್ಜಿಲ್ ಸ್ಟಾಂಪರ್ ಗೆದ್ದದ್ದು ಮಾತ್ರ ತನ್ನ ಗಂಟಲಿನಿಂದ. ಯಾರ ಮನೆಯಲ್ಲಿ ಸಾವಾದರೂ ಹೋಗಿ ದೇವರ ಹಾಡು ಹಾಡುತ್ತಿದ್ದ. ಅತ್ತು ಹಗುರಾದವರು ವೋಟು ಹಾಕದೆ ಇರುತ್ತಾರೆಯೇ? ಹಾಗಂತ ಅದು ನಾಟಕವೇನಲ್ಲ, ಹಾಡುವಾಗ ಅವನ ಕಣ್ಣೂ ತುಂಬಿ ಬರುತ್ತಿತ್ತು. ಹಾಡಿದ ಮೇಲೆ ದೇವರಿಗೂ ತನಗೂ ಎಲ್ಲ ಚುಕ್ತಾ ಆಯಿತು ಎಂದುಕೊಳ್ಳುತ್ತಿದ್ದ, ಪುಣ್ಯಾತ್ಮ.

ಆ ಚಳಿಗಾಲದಲ್ಲಿ ವಿಧವೆ ಓಮಾ ಸ್ಲೋನ್‌ಳ ಮಗ ಡೆಲ್ಬರ್ಟ್ ಗಣಿ ಕಂಪನಿಯ ರಾಶಿಯಿಂದ ಒಂದು ಚೀಲ ಕಲ್ಲಿದ್ದಲು ಹೊತ್ತು ತರುವಾಗ ಸಿಕ್ಕಿಬಿದ್ದ. ಊರೆಲ್ಲ ಮಾಡುವ ಕೆಲಸವೇ. ಆದರೆ ಚುನಾವಣೆ ಹತ್ತಿರವಿತ್ತು, ಕಂಪನಿಯವರು ಕೋರ್ಟಿನೊಳಗೆ ಮೊದಲ ಬೆಂಚಿನಲ್ಲೇ ಕೂತಿದ್ದರು. ಹುಡುಗನಿಗೆ ಮೂರ್ಛೆರೋಗವಿದೆ, ಒಬ್ಬನನ್ನೇ ಕೂಡಿಹಾಕಬೇಡಿ ಎಂದು ತಾಯಿ ಅಂಗಲಾಚಿದಳು. ಜಡ್ಜ್ ತಲೆಯೆತ್ತದೆ ಮೂರು ತಿಂಗಳು ಅಂದ. ವಾರ ಕಳೆಯುವುದರೊಳಗೆ ಡೆಲ್ಬರ್ಟ್ ಜೈಲಿನ ನೆಲದ ಮೇಲೆ ಒಬ್ಬನೇ ಒದ್ದಾಡಿ ಸತ್ತ.

ಜಡ್ಜ್‌ಗೆ ಊಟ ಸೇರಲಿಲ್ಲ. ಜನ ಇನ್ನು ತನ್ನನ್ನು ತಮ್ಮವನೆಂದು ಒಪ್ಪುತ್ತಾರೋ ಇಲ್ಲವೋ ಎಂಬುದೊಂದೇ ಚಿಂತೆ. ಅಷ್ಟರಲ್ಲಿ ಓಮಾ ತಾನಾಗಿಯೇ ಅವನ ಮನೆ ಮೆಟ್ಟಿಲ ಬಳಿ ಬಂದು ನಿಂತಳು.

"ನಾಳೆ ಮಣ್ಣು. ನೀನೇ ಬಂದು ಹಾಡ್ಬೇಕು ವರ್ಜಿಲ್. ಅವರಪ್ಪ ಹೋದಾಗ್ಲೂ ನೀನೇ ತಾನೆ ಹಾಡಿದ್ದು."

"ನಾನಾ, ಓಮಕ್ಕ?"

"ಇನ್ಯಾರಪ್ಪ."

ಹೋಗಬೇಡಿ ಎಂದು ಹೆಂಡತಿ ಲೊರೀನ್ ಎಷ್ಟು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆತ್ತವಳೇ ಕ್ಷಮಿಸಿ ಕರೆದಿದ್ದಾಳೆ, ಇನ್ನೇನು ಬೇಕು ಎಂದು ಕರಿ ಕೋಟು ತೊಟ್ಟು ಹೊರಟ.

ಆ ಬೆಟ್ಟದ ಚರ್ಚುಗಳವರು ಹಾಡಿಗೆ ವಾದ್ಯ ಇಟ್ಟುಕೊಳ್ಳುವುದಿಲ್ಲ. ಒಬ್ಬ ಸಾಲು ಎತ್ತಿಕೊಡಬೇಕು, ಉಳಿದವರೆಲ್ಲ ಅದನ್ನೇ ಎಳೆದೆಳೆದು ಹಾಡಬೇಕು. ಅವರು ಹಾಡಿದ ಮೇಲೆ ಮುಂದಿನ ಸಾಲು. ಶವಪೆಟ್ಟಿಗೆಯ ತಲೆಯ ಕಡೆ ನಿಂತು ಜಡ್ಜ್ ಮೊದಲ ಸಾಲು ಎತ್ತಿದ. ದನಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಯಾರೂ ಹಾಡಲಿಲ್ಲ.

ಸ್ಮಶಾನದ ತುಂಬ ಜನ. ಎಲ್ಲರ ಮನೆಯಲ್ಲೂ ಅವನು ಹಾಡಿದ್ದ. ಕೇಳಿಸಲಿಲ್ಲವೇನೋ ಎಂದು ಅದೇ ಸಾಲನ್ನು ಮತ್ತೆ, ಜೋರಾಗಿ ಎತ್ತಿದ. ಗಂಡಸರು ಟೋಪಿ ಕೈಯಲ್ಲಿ ಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಹೆಂಗಸರ ತುಟಿ ಬಿಗಿದಿತ್ತು. ಬರುವ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅವನಿಗೆ ಆಗ ಹೊಳೆಯಿತು. ಹೆಣದ ಮುಂದೆ ಎತ್ತಿದ ಹಾಡನ್ನು ಅರ್ಧಕ್ಕೆ ಬಿಟ್ಟು ಹೋಗುವಂತಿಲ್ಲ, ಅದು ಅವನಿಗೂ ಗೊತ್ತು, ಅವರಿಗೂ ಗೊತ್ತು.

"ಮುಂದಿನ್ ಸಾಲು ಹೇಳಪ್ಪ," ಓಮಾ ಮೆತ್ತಗೆ ಅಂದಳು. "ನಾವು ಕೇಳಿಸ್ಕೋತಾ ಇದ್ದೀವಿ."

ಅವನು ಹೇಳಿದ. ಉದ್ದದ ಹಾಡು ಅದು. ಪ್ರತಿ ಸಾಲಾದ ಮೇಲೂ ಅವರ ಪಾಲಿನಷ್ಟು ಹೊತ್ತು ಕಾದು, ಕೊನೆಯವರೆಗೂ ಒಬ್ಬನೇ ಹಾಡಿದ.