ಎಡಗೈಗೂ ಮದ್ದು

ಒಂದೆಲಗದ ಸತ್ವದಿಂದ ಇಸುಬಿಗೊಂದು ಜೆಲ್ ಮಾಡಲು ಯಶ್ಮಿತಾಳಿಗೆ ಎರಡು ವರ್ಷ ಹಿಡಿದಿತ್ತು. ಅನುಮತಿ ಪಡೆದು ಹನ್ನೆರಡು ಜನರಿಗೆ ಹಚ್ಚಲು ಕೊಟ್ಟಿದ್ದಳು. ಒಬ್ಬೊಬ್ಬರಿಗೆ ಎರಡು ಟ್ಯೂಬು: ಬಲಗೈಗೆ ಕೆಂಪು ಮುಚ್ಚಳದ್ದು, ಎಡಗೈಗೆ ನೀಲಿಯದ್ದು. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಜೆಲ್. ಯಾವುದು ಎಲ್ಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಅದನ್ನು ಬರೆದಿಟ್ಟ ಚೀಟಿ ಅವಳ ಗೈಡ್ ಮೇಡಂ ಕಪಾಟಿನಲ್ಲಿತ್ತು.

ಅರ್ಧದಷ್ಟು ಜನರಲ್ಲಾದರೂ ಒಂದು ಕೈ ಇನ್ನೊಂದಕ್ಕಿಂತ ಮೇಲಾಗಿರಬೇಕು, ಇಲ್ಲವಾದರೆ ಕೆಲಸ ಅಲ್ಲಿಗೇ ನಿಂತ ಹಾಗೆ. ಹನ್ನೊಂದು ಜನರನ್ನು ನೋಡಿಯಾಗಿತ್ತು. ಐವರಲ್ಲಿ ಫರಕು ಕಂಡಿತ್ತು. ಉಳಿದದ್ದು ಮೀನು ಮಾರ್ಕೆಟಿನಲ್ಲಿ ಮೀನು ಕೊಯ್ದು ಕೊಡುವ ಮೋಹಿನಿ ಒಬ್ಬಳೇ.

ಎರಡನೇ ವಾರ ಅವಳ ಬಲಗೈಯ ಬಿರುಕು ಮುಚ್ಚುತ್ತ ಬಂದಿತ್ತು. ಇಂದು, ನಾಲ್ಕನೇ ವಾರ, ಮೇಜಿನ ಮೇಲೆ ಚಾಚಿದ ಎರಡೂ ಕೈ ಒಂದೇ ಥರ ನುಣುಪಾಗಿದ್ದವು.

"ಚಂದ ಆಯ್ತಲ್ಲ ಮಗಾ? ಮುಖ ಯಾಕೆ ಹಾಗೆ?"

"ಖಾಲಿ ಟ್ಯೂಬು ಕೊಡಿ ಮೋಹಿನಕ್ಕ."

ನೀಲಿ ಮುಚ್ಚಳದ್ದು ಅರ್ಧ ತುಂಬಿತ್ತು. ಕೆಂಪಿನದನ್ನು ಬಂಗುಡೆ ಮೀನಿನ ಹೊಟ್ಟೆ ಸೀಳಿದ ಹಾಗೆ ಉದ್ದಕ್ಕೆ ಸೀಳಿ, ಒಳಗಿನದನ್ನೂ ಬಳಿದು ಮುಗಿಸಲಾಗಿತ್ತು.

"ಕೆಂಪಿನದ್ದು ಎರಡೂ ಕೈಗೆ ಹಚ್ಚಿದಿರಾ?"

"ಮತ್ತೆ? ಗುಣ ಇರುವುದು ಅದರಲ್ಲೇ ಅಂತ ಕಣ್ಣಿಗೆ ಕಾಣ್ತದೆ. ಮೆಟ್ಟುಕತ್ತಿ ಕಾಲಲ್ಲಿ ಒತ್ತಿ ಮೀನು ಕೊಯ್ಯಲಿಕ್ಕೆ ಎರಡೂ ಕೈ ಬೇಕು ಮಾರಾಯ್ತಿ. ಒಂದಕ್ಕೆ ಊಟ, ಇನ್ನೊಂದಕ್ಕೆ ಉಪವಾಸವಾ? ನಿನಗೆ ಎರಡು ಮಕ್ಕಳಿದ್ದರೆ ಹಾಗೆ ಮಾಡ್ತೀಯಾ?"

ಯಶ್ಮಿತಾ ಫೈಲು ತೆರೆದಳು. ಬಲಗೈ ಮಾತ್ರ ಮೇಲಾಗಿದ್ದ ಎರಡನೇ ವಾರದ ಫೋಟೊ ಅದರಲ್ಲಿತ್ತು. ಅದನ್ನೇ ಕೊನೆಯದೆಂದು ಸೇರಿಸಿದರೆ ಐದು ಆರಾಗುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಫೋಟೊವನ್ನು ಒಮ್ಮೆ ನೋಡಿದಳು, ಮೇಜಿನ ಮೇಲಿದ್ದ ಕೈಗಳನ್ನು ಒಮ್ಮೆ ನೋಡಿದಳು. ಆಮೇಲೆ ಪೆನ್ನು ತೆಗೆದು ಬರೆದಳು: ಒಂದೇ ಟ್ಯೂಬನ್ನು ಎರಡೂ ಕೈಗೆ ಹಚ್ಚಿದ್ದಾರೆ, ಪರಿಗಣಿಸುವಂತಿಲ್ಲ.

"ಎಂತ ಬರೆದದ್ದು?"

"ನಿಮ್ಮ ಬದಲು ಇನ್ನೊಬ್ಬರು ಬೇಕು ಅಂತ. ಅಲ್ಲಿಯವರೆಗೆ ಏನೂ ಹೇಳುವ ಹಾಗಿಲ್ಲ."

ಮೋಹಿನಿಯ ಮುಖ ಸಣ್ಣದಾಯಿತು. "ನಿನ್ನ ಕೆಲಸ ಹಾಳು ಮಾಡಿದೆನಾ?"

"ಒಂದು ತಿಂಗಳು ತಡ ಆಯ್ತು, ಅಷ್ಟೇ."

"ನನ್ನ ಪಕ್ಕ ಕೂರುವ ಬಾಗಿಯನ್ನು ನಾಳೆಯೇ ಕಳಿಸ್ತೇನೆ. ಅವಳ ಕೈ ನೋಡಲಿಕ್ಕಾಗುದಿಲ್ಲ. ಹಠಮಾರಿ, ಆದರೆ ಹೇಳಿದ್ದು ಹೇಳಿದ ಹಾಗೆ ಮಾಡ್ತಾಳೆ." ಎದ್ದವಳು ಬಾಗಿಲಲ್ಲಿ ನಿಂತಳು. "ಒಂದು ಮಾತು. ತಿಂಗಳು ಮುಗಿದ ಮೇಲೆ ಅವಳ ಇನ್ನೊಂದು ಕೈಗೂ ಕೊಡ್ತೀಯಲ್ಲ?"

"ಕೊಡ್ತೇನೆ."

"ಅದನ್ನೂ ಬರಿ," ಎಂದಳು ಮೋಹಿನಿ.

ಯಶ್ಮಿತಾ ಅದನ್ನೂ ಬರೆದಳು.