ಚಾ ಕುಡಿಯಲು ಕಳುಹಿಸಿ ಕೇಳುವ ಪ್ರಶ್ನೆ

ಕಳುಹಿಸುವ ಗುಂಡಿ ಒತ್ತುವ ಮೊದಲು ಲತೀಶ ಎಲ್ಲರ ಮುಖ ನೋಡಿದ. ಮೊಬೈಲಿನಲ್ಲಿ ಭವಿತಾಳ ಎರಡು ತಿಂಗಳ ಪ್ರಾಯದ ಫೋಟೊ, ಕೆಳಗೆ ‘ಈ ಮಗುವಿನ ಹೆತ್ತಮ್ಮನನ್ನು ಬಲ್ಲಿರಾ?’ ಎಂಬ ಸಾಲು. ಮಂಡೆಕೋಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಲತೀಶ ಹನ್ನೊಂದು ವಾಟ್ಸಾಪ್ ಗುಂಪುಗಳ ಅಡ್ಮಿನ್. ಯಾರದೋ ಕೋಳಿ ಕಳೆದುಹೋದರೂ ಮಧ್ಯಾಹ್ನದೊಳಗೆ ಮೂರು ತಾಲೂಕಿಗೆ ಸುದ್ದಿ ಮುಟ್ಟಿಸುವವನು. ದೊಡ್ಡಪ್ಪನ ಮಗಳು ಭವಿತಾಳಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂಬುದು ಅವನ ವಾದ.

"ಬೇಡ ಅಣ್ಣ, ಅಳಿಸು," ಎಂದಳು ಭವಿತಾ.

ಹೆತ್ತವಳನ್ನು ಒಮ್ಮೆ ನೋಡಬೇಕೆಂದು ವರ್ಷದಿಂದ ಹೇಳುತ್ತಿದ್ದವಳೂ ಅವಳೇ. ತಾನು ದತ್ತುಮಗಳೆಂಬುದು ಅವಳಿಗೆ ಸಣ್ಣಂದಿನಿಂದ ಗೊತ್ತು. ಅವಳ ಆಸೆ ಕೇಳಿ ಸಾಕಿದ ತಾಯಿ ಕಮಲಾವತಿ ಎರಡು ದಿನ ಅತ್ತು, ಮೂರನೇ ದಿನ ಕಪಾಟಿನಿಂದ ಫೈಲನ್ನು ತಾವೇ ತೆಗೆದುಕೊಟ್ಟಿದ್ದರು. ಅದರಲ್ಲಿದ್ದದ್ದು ಇಷ್ಟೇ: ಕಡಬದ ಕಡೆಯ, ಮದುವೆಯಾಗದ ಹತ್ತೊಂಬತ್ತರ ಹುಡುಗಿ ಒಪ್ಪಿಸಿದ ಮಗು. ಹೆತ್ತವಳು ಒಪ್ಪದೆ ಹೆಸರು ಕೊಡುವಂತಿಲ್ಲ ಎಂದು ಮಂಗಳೂರಿನ ದತ್ತು ಸಂಸ್ಥೆಯವರು ಹೇಳಿದ್ದರು. ಅವರನ್ನು ಕಾಯುತ್ತಾ ಕೂತರೆ ಮುದುಕಿಯಾಗುತ್ತೀ ಎಂದು ಲತೀಶ ಹಂಗಿಸಿದ.

ಭವಿತಾ ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಹೆಂಗಸರ ವಿಭಾಗದ ನರ್ಸ್. ಬಂದವರನ್ನೆಲ್ಲ ‘ಎಷ್ಟು ಹೆರಿಗೆ?’ ಎಂದು ಕೇಳುವುದು ಅವಳ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಳನ್ನು ಗಂಡನ ಎದುರಿಗೇ ಕೇಳಿದ್ದಳು. ಒಂದು ಎಂದು ಹೇಳಿ ಹೋದ ಆ ಹೆಂಗಸು ಗಂಡ ಔಷಧಿಗೆ ನಿಂತಾಗ ಓಡಿಬಂದು, ‘ಎರಡು, ಸಿಸ್ಟರ್. ಯಾರಿಗೂ ಹೇಳಬೇಡಿ’ ಎಂದಳು. ಅಂದಿನಿಂದ ಭವಿತಾ ಜೊತೆಗೆ ಬಂದವರನ್ನು ಚಾ ಕುಡಿಯಲು ಕಳುಹಿಸಿಯೇ ಆ ಪ್ರಶ್ನೆ ಕೇಳುತ್ತಾಳೆ. ತನ್ನ ತಾಯಿಯನ್ನು ಮಾತ್ರ ಮೂರು ತಾಲೂಕಿನ ಎದುರು ಕೇಳುವುದೇ?

ಲತೀಶ ಮುಖ ಊದಿಸಿಕೊಂಡೇ ಫೋಟೊ ಅಳಿಸಿದ. ಅವಳು ಅಲ್ಲೇ ಕೂತು, ಸಂಸ್ಥೆಯ ಮೂಲಕ ಹೆತ್ತವಳಿಗೆ ಮುಟ್ಟಿಸಲೆಂದು ಕಾಗದ ಬರೆದಳು. ನಾನು ಇಂಥ ಆಸ್ಪತ್ರೆಯಲ್ಲಿದ್ದೇನೆ, ಹೆಂಗಸರು ಅಲ್ಲಿಗೆ ಬರಲು ಮನೆಯಲ್ಲಿ ಕಾರಣ ಹುಡುಕಬೇಕಾಗಿಲ್ಲ. ಎಷ್ಟು ಹೆರಿಗೆ ಎಂದು ಎಲ್ಲರನ್ನೂ ಕೇಳುತ್ತೇನೆ. ನಿಮಗೆ ಇಷ್ಟವಿಲ್ಲದಿದ್ದರೆ ಮನೆಯವರಿಗೆ ಗೊತ್ತಿರುವ ಲೆಕ್ಕವನ್ನಷ್ಟೇ ಹೇಳಿ, ನನ್ನನ್ನು ನೋಡಿಕೊಂಡು ಹೋಗಿ. ನನಗೆ ಗೊತ್ತಾಗುವುದೇ ಇಲ್ಲ.

ಓದಿದ ಕಮಲಾವತಿ, "ಪೆನ್ನು ಇತ್ತ ಕೊಡ್," ಎಂದರು. ಅಡಿಯಲ್ಲಿ ಗುಂಡು ಅಕ್ಷರದಲ್ಲಿ ಬರೆದರು: ‘ಮಗಳು ಸೌಖ್ಯವಾಗಿದ್ದಾಳೆ. ಹೆದರಬೇಡಿ. ಇಂತಿ, ಅವಳ ಮನೆಯ ಅಮ್ಮ.’

ಸಂಸ್ಥೆಯ ಮೇಡಂ, ಹೆತ್ತವಳು ಹಾಲಿನ ಡೈರಿಗೆ ಒಬ್ಬಳೇ ಬರುವ ಹೊತ್ತು ನೋಡಿ ಕಾಗದವನ್ನು ಕೈಗೇ ಕೊಟ್ಟರು. ಉತ್ತರ ಬರಲಿಲ್ಲ. ನಾಲ್ಕು ತಿಂಗಳು ಭವಿತಾ ನಲವತ್ತು ದಾಟಿದ ಪ್ರತಿ ಹೆಂಗಸಿನ ಮುಖದಲ್ಲೂ ತನ್ನ ಮೂಗು, ಗಲ್ಲ ಹುಡುಕಿದಳು. ಬಂದು, ನೋಡಿ, ಸುಳ್ಳು ಲೆಕ್ಕ ಹೇಳಿ ಹೋಗಿಯೇಬಿಟ್ಟರೋ ಏನೋ ಎಂಬ ಸಂಕಟ ಬೇರೆ.

ಒಂದು ಗುರುವಾರ ರಾಮಕುಂಜದಿಂದ ಅತ್ತೆ ಸೊಸೆ ಬಂದರು. ಸೊಸೆಯ ಚೀಟಿಯಲ್ಲಿ ಹರಿಣಾಕ್ಷಿ, ನಲವತ್ತೈದು ಎಂದಿತ್ತು. ಭವಿತಾ ಅತ್ತೆಯನ್ನು ಕ್ಯಾಂಟೀನಿಗೆ ಕಳುಹಿಸಿ, ಬಾಗಿಲು ಹಾಕಿ, ಸೊಸೆಯ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು.

"ಎಷ್ಟು ಹೆರಿಗೆ?"

"ಮೂರು," ಎಂದರು ಹರಿಣಾಕ್ಷಿ. "ಮನೆಯಲ್ಲಿ ಗೊತ್ತಿರುದು ಎರಡೇ. ದೊಡ್ಡದು ಹೆಣ್ಣು."

ಇಂಥ ಉತ್ತರ ಭವಿತಾಳಿಗೆ ಹೊಸತಲ್ಲ. ಆದರೂ ಅವಳು ಬಿಪಿ ಪಂಪು ಒತ್ತುವುದನ್ನು ನಿಲ್ಲಿಸಿದಳು.

"ಅಡಿಯಲ್ಲಿ ನಿನ್ನ ಮನೆಯ ಅಮ್ಮ ಬರ್ದದ್ದು ದಿನಾ ಓದ್ತಿದ್ದೆ. ಅದು ಇಲ್ಲದಿದ್ರೆ ಬರ್ಲಿಕ್ಕೆ ಧೈರ್ಯ ಇರ್ಲಿಲ್ಲ ಮಗಾ."

ಭವಿತಾಳಿಗೆ ಆಸ್ಪತ್ರೆಯೆಂಬುದನ್ನೂ ಮರೆತು ಕುಣಿಯಬೇಕೆನಿಸಿತು. ಬದಲಿಗೆ ಜೋರಾಗಿ ಅತ್ತುಬಿಟ್ಟಳು, ನಡುವೆ ನಗುವೂ ಬಂತು. ಹರಿಣಾಕ್ಷಿ ಸೆರಗಿನಿಂದ ಅವಳ ಮುಖ ಒರೆಸಿ, ಬೆಳಿಗ್ಗೆ ಎಂತ ತಿಂದೆ ಎಂದು ಕೇಳಿದರು. ಅವರಿಗೆ ಸಿಕ್ಕಿದ್ದು ಒಂದು ಚಾ ಕುಡಿಯುವಷ್ಟು ಹೊತ್ತು. ಅಷ್ಟರಲ್ಲೇ ಇಪ್ಪತ್ತಾರು ವರ್ಷದ ಮಾತು ಮೇಲೆ ಮೇಲೆ ಬಿದ್ದು ಬಂತು.

ಬಾಗಿಲು ತಟ್ಟಿ ಒಳಬಂದ ಅತ್ತೆ ಸೊಸೆಯ ಕೆಂಪು ಕಣ್ಣು ನೋಡಿ ಗಾಬರಿಯಾದರು. "ಎಂತ ಉಂಟು ಸಿಸ್ಟರ್?"

"ಬಿಪಿ ಸ್ವಲ್ಪ ಜಾಸ್ತಿ ಉಂಟು," ಎಂದಳು ಭವಿತಾ. ಆ ಹೊತ್ತಿಗೆ ಅದು ಸುಳ್ಳಾಗಿರಲಾರದು. "ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು. ತಪ್ಪಿಸ್ಲಿಕ್ಕೆ ಇಲ್ಲ."

"ತಪ್ಪಿಸುದುಂಟಾ? ನಾನೇ ಕರ್ಕೊಂಡು ಬರ್ತೇನೆ," ಎಂದ ಮುದುಕಿ, ಇಲ್ಲಿಯ ಚಾ ಒಳ್ಳೆಯದುಂಟು ಎಂದೂ ಸೇರಿಸಿದರು.

ಭವಿತಾ ತಲೆ ತಗ್ಗಿಸಿ ಚೀಟಿಯಲ್ಲಿ ಹೆರಿಗೆ ಎರಡು ಎಂದು ಬರೆದಳು. ಹರಿಣಾಕ್ಷಿ ಎದ್ದು ಅತ್ತೆಯ ಹಿಂದೆ ಬಾಗಿಲವರೆಗೂ ನಡೆದರು. ಬಿಪಿ ಪಟ್ಟಿ ಇನ್ನೂ ಅವರ ತೋಳಿನಲ್ಲೇ ಇತ್ತು.